ಮೋದಿ ಹಾಸ್ಪಿಟಲ್ ರೋಡಿನ ಮೋದಿ ಯಾರು? ಒಂದೇ ದಿನ 833 ಆಪರೇಷನ್ ಮಾಡಿದ ನಮ್ಮ ಬೀಳಗಿ ಡಾಕ್ಟ್ರು

ನಮಸ್ಕಾರ ಎಲ್ರಿಗೂ! ವೆಸ್ಟ್ ಆಫ್ ಕಾರ್ಡ್ ರೋಡ್ ಕಡೆ ಓಡಾಡೋರಿಗೆ ಮೋದಿ ಹಾಸ್ಪಿಟಲ್ ರೋಡ್ ಗೊತ್ತೇ ಇರುತ್ತೆ, ಅಲ್ಲಿ ಟ್ರಾಫಿಕ್ಕಿಗೆ ಬೈಕೊಂಡು ನಿಂತಿರ್ತೀರ. ಮೊನ್ನೆ ಒಬ್ಬ ಹುಡುಗ ಮೆಸೇಜ್ ಹಾಕಿದ್ದ, "ಸರ್, ಪಿಎಂ ಹೆಸರಲ್ಲಿ ಬೆಂಗಳೂರಲ್ಲಿ ಯಾವಾಗ ಆಸ್ಪತ್ರೆ ಕಟ್ಟಿದ್ರು?" ಅಂತ. ಗುರೂ, ಈ ಮೋದಿ ನಮ್ಮ ಬಾಗಲಕೋಟೆ ಬೀಳಗಿಯೋರು! ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ, ಕಣ್ಣಿನ ಸರ್ಜನ್.

ಬಯೋಡೇಟಾ ಬೇಗ ಮುಗಿಸ್ಬಿಡ್ತೀನಿ. 1943ರಿಂದ ಊರೂರು ತಿರುಗಿ ಉಚಿತ ಕಣ್ಣಿನ ಶಿಬಿರ, 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ, 2005ರಲ್ಲಿ ತೀರಿಕೊಂಡ್ರು. ಆಯ್ತಾ? ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರ್ತೀನಿ.

(ಸ್ಕ್ರೀನ್ ಮೇಲೆ ದೊಡ್ಡದಾಗಿ: 833)

ಗಿನ್ನೆಸ್ ಪುಸ್ತಕದಲ್ಲಿ ಇವರ ಹೆಸರಿದೆ, ಒಂದೇ ದಿನದಲ್ಲಿ 833 ಪೊರೆ ಆಪರೇಷನ್. ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡಿದ್ರು ಅಂತ ಇಟ್ಕೊಂಡ್ರೂ 840 ನಿಮಿಷ, ಅಂದ್ರೆ ಹೆಚ್ಚುಕಮ್ಮಿ ನಿಮಿಷಕ್ಕೊಂದು ಕಣ್ಣು! ನಾವು ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೋತೀವಿ, ಅದೂ ಗುಳ್ಳೆ ಬರುತ್ತೆ.

ಹೇಗೆ ಸಾಧ್ಯ? ಬೆಳಿಗ್ಗೆ ಎಂಟೂವರೆಗೆ ಯಾವ್ದಾದ್ರೂ ದರ್ಶಿನಿಗೆ ಹೋಗಿ ದೋಸೆ ಕಲ್ಲು ನೋಡಿ. ಭಟ್ರು ಹಿಟ್ಟು ರುಬ್ಬಲ್ಲ, ಚಟ್ನಿ ಹಾಕಲ್ಲ, ಬಿಲ್ಲು ಹರಿಯಲ್ಲ, ನಿಮ್ಮ ಹತ್ರ ಮಾತೂ ಆಡಲ್ಲ. ಕಲ್ಲಿನ ಮೇಲೆ ಸಾಲಾಗಿ ಹುಯ್ಯೋದು, ಎಬ್ಬಿಸೋದು, ಮತ್ತೆ ಹುಯ್ಯೋದು, ಅಷ್ಟೇ, ಅವರ ಕೈ ಒಂದು ಕ್ಷಣಾನೂ ಸುಮ್ನೆ ಕಾಯಬಾರ್ದು ಅಂತ ಮಿಕ್ಕ ಎಲ್ಲಾ ಕೆಲಸಾನೂ ಬೇರೆಯವರು ಮಾಡ್ತಿರ್ತಾರೆ. ದೊಡ್ಡ ಶಿಬಿರಗಳ ಲೆಕ್ಕಾನೂ ಇದೇ. ರೆಪ್ಪೆ ಕೂದಲು ಕತ್ತರಿಸೋದು, ಕಣ್ಣು ತೊಳೆಯೋದು, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅದು ಹತ್ತೋವರೆಗೂ ಕಾಯೋದು, ಕೊನೇಲಿ ಪಟ್ಟಿ ಕಟ್ಟೋದು, ಇದೆಲ್ಲ ಸಹಾಯಕರದ್ದು. ಸರ್ಜನ್ ಪಾಲಿಗೆ ಉಳಿಯೋದು ಕಪ್ಪುಗುಡ್ಡೆ ಅಂಚಲ್ಲಿ ಸೀಳಿ ಮಬ್ಬಾದ ಲೆನ್ಸ್, ಅಂದ್ರೆ ಪೊರೆ ಬಂದಿರೋ ಕಣ್ಣಿನ ಸ್ವಂತ ಲೆನ್ಸನ್ನ, ಹೊರಗೆ ತೆಗೆಯೋದು. ಅಷ್ಟು ಮಾಡಿ ಮುಂದಿನ ಟೇಬಲ್.

ಇನ್ನೊಂದು ವಿಷಯ ಏನಂದ್ರೆ, ಆಗ ತೆಗೆದ ಲೆನ್ಸ್ ಜಾಗಕ್ಕೆ ಬೇರೆ ಲೆನ್ಸ್ ಹಾಕ್ತಿರ್ಲಿಲ್ಲ. ಅದಕ್ಕೇ ಹಳೇ ಫೋಟೋಗಳಲ್ಲಿ ಅಜ್ಜ ಅಜ್ಜಿಯರೆಲ್ಲ ಸೋಡಾ ಬುಡ್ಡಿ ಕನ್ನಡಕ ಹಾಕಿರೋದು, ಸುಮಾರು ಪ್ಲಸ್ ಹತ್ತರ ಪವರ್! ಅದ್ರಲ್ಲಿ ಎಲ್ಲಾ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತೆ, ಮೆಟ್ಲು ಎಲ್ಲಿದೆ ಅಂತ ಅಂದಾಜು ಸಿಗಲ್ಲ. ಆದ್ರೂ ಮನೆಯವರಿಗೆ ಅದೇ ಹಬ್ಬ. ಯಾಕಂದ್ರೆ ಕಣ್ಣು ಕಾಣದ ಅಜ್ಜಿ ಇದ್ರೆ ಆಕೆ ಕೋಲು ಹಿಡ್ಕೊಂಡು ಮುಂದೆ ನಡೆಯೋಕೆ ಒಬ್ರು ಬೇಕು, ಎಷ್ಟೋ ಕಡೆ ಅದು ಸ್ಕೂಲಿಗೆ ಹೋಗ್ಬೇಕಾದ ಮೊಮ್ಮಗಳು. ಅಜ್ಜಿಗೆ ಆಪರೇಷನ್ ಆದ್ರೆ ಆ ಹುಡುಗೀಗೂ ಬಿಡುಗಡೆ, ಈ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲೂ ಬರಲ್ಲ ನೋಡಿ.

ನನಗೆ ಕೇಳಿದ್ರೆ 833 ಅಲ್ಲ ದೊಡ್ಡ ನಂಬರ್. ಅದೇ ಗಿನ್ನೆಸ್ ಪ್ರಕಾರ 1993ರ ಫೆಬ್ರವರಿವರೆಗೆ 46,120 ಹಳ್ಳಿ, ಒಟ್ಟು 6,10,564 ಆಪರೇಷನ್. ಐವತ್ತು ವರ್ಷಕ್ಕೆ ಭಾಗಿಸಿ, ಭಾನುವಾರ, ಯುಗಾದಿ, ದೀಪಾವಳಿ ಎಲ್ಲಾ ಸೇರಿಸಿ ದಿನಕ್ಕೆ 33 ಬರುತ್ತೆ. ಒಂದಿನ ಹುಚ್ಚು ಹಿಡಿದಂಗೆ ಕೆಲಸ ಮಾಡೋರು ಸಿಗ್ತಾರೆ ಸ್ವಾಮಿ, ಐವತ್ತು ವರ್ಷ ಮಾಡೋರು ಎಲ್ಲಿದ್ದಾರೆ?

ಹಂಗಂತ ಈ ದಾಖಲೆ ಮುರೀರಿ ಅಂತ ಯಾರಿಗೂ ಹೇಳಲ್ಲ, ದಯವಿಟ್ಟು ಬೇಡ. ಆಮೇಲಾಮೇಲೆ ಕೆಲವು ಕ್ಯಾಂಪ್‌ಗಳಲ್ಲಿ ಇನ್‌ಫೆಕ್ಷನ್ ಆಗಿ ಇದ್ದ ಕಣ್ಣೂ ಕಳ್ಕೊಂಡವರಿದ್ದಾರೆ. ಅದಕ್ಕೇ ಈಗ ಹಳ್ಳೀಲಿ ಬರೀ ತಪಾಸಣೆ, ಆಪರೇಷನ್ನಿಗೆ ಆಸ್ಪತ್ರೆಗೇ ಕರ್ಕೊಂಡು ಬರ್ತಾರೆ. ಇದು ಸರಿಯಾದ ಪದ್ಧತಿ.

ಟೈಮ್ ಆಗ್ತಿದೆ, ಎಡಿಟರ್ ಕಣ್ಣು ಬಿಡ್ತಿದ್ದಾನೆ, ಉಳಿದಿದ್ದು ಫಟಾಫಟ್. ಕಣ್ಣೊಳಗೆ ಲೆನ್ಸ್ ಕೂರಿಸೋದನ್ನ ಲಂಡನ್ನಿನ ಕಣ್ಣಿನ ಡಾಕ್ಟ್ರು ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ರು, ನಮ್ಮ ಬಡವರ ಕೈಗೆ ಎಟುಕಿದ್ದು 1992ರಲ್ಲಿ ಮಧುರೈಯ ಆರೋಲ್ಯಾಬ್ ಅನ್ನೋ ಸಂಸ್ಥೆ ಈ ಲೆನ್ಸನ್ನ ಕಡಿಮೆ ಬೆಲೆಗೆ ಮಾಡೋಕೆ ಶುರು ಮಾಡಿದ್ಮೇಲೆ. ಅದರದ್ದು ಬೇರೆ ವಿಡಿಯೋನೇ ಮಾಡ್ತೀನಿ, ಯುದ್ಧ ವಿಮಾನದ ಪ್ಲಾಸ್ಟಿಕ್ ಚೂರು ಬರುತ್ತೆ ಅದ್ರಲ್ಲಿ, ಸಖತ್ತಾಗಿದೆ. ಆಮೇಲೆ ನಿಮ್ಮನೇಲಿ ಯಾರಾದ್ರೂ "ಪೊರೆ ಇನ್ನೂ ಬಲೀಬೇಕು, ಆಮೇಲೆ ನೋಡೋಣ" ಅಂತ ಮುಂದೂಡ್ತಿದ್ರೆ, ಅದು ಆ ಹಳೇ ಕಾಲದ ಆಪರೇಷನ್ನಿನ ಮಾತು, ಈಗ ಕಾಯ್ಬೇಕಾಗಿಲ್ಲ, ಬಲಿತಷ್ಟೂ ತೆಗೆಯೋದು ಕಷ್ಟಾನೇ. ಈ ಒಂದು ತುಂಡನ್ನಾದ್ರೂ ಫ್ಯಾಮಿಲಿ ಗ್ರೂಪಿಗೆ ಹಾಕಿ, ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ಮಧ್ಯೆ.