ಬ್ಯಾಕಪ್ ಇದೆ, ಸರಿ. ವಾಪಸ್ ಬರುತ್ತಾ?

ಕೇಳುಗರಿಗೆ ನಮಸ್ಕಾರ.

"ನಮ್ಮದೆಲ್ಲ ಕ್ಲೌಡ್‌ನಲ್ಲಿದೆ, ತಲೆಬಿಸಿ ಇಲ್ಲ" ಅನ್ನುವವರು ಈಗ ಜಾಸ್ತಿ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರ್‌ಗಳು. ಬ್ಯಾಕಪ್ ಅನ್ನು, ಅಂದರೆ ಡೇಟಾದ ಇನ್ನೊಂದು ಪ್ರತಿಯನ್ನು, ಅಲ್ಲಿಡುವುದು ಸುಲಭ, ನಿಜ. ಆದರೆ ಬೇಕಾದ ದಿನ ಅದು ಕೈಗೆ ಸಿಗುತ್ತಾ ಅಂತ ನೋಡಿದವರು ಕಡಿಮೆ.

ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಕತೆ ಕೇಳಿ. 2017ರ ಜನವರಿ 31. ಅವರ ಹತ್ತಿರ ಎರಡು ಡೇಟಾಬೇಸ್ ಸರ್ವರ್, ಅಂದರೆ ಮಾಹಿತಿ ಜೋಡಿಸಿಡುವ ಕಂಪ್ಯೂಟರ್‌ಗಳು, ಇದ್ದವು, ಒಂದು ಮುಖ್ಯದ್ದು, ಇನ್ನೊಂದು ಅದರ ನಕಲು. ನಕಲನ್ನು ಖಾಲಿ ಮಾಡಲು ಹೊರಟ ಎಂಜಿನಿಯರ್ ಒಬ್ಬರು ಅಳಿಸುವ ಕಮಾಂಡನ್ನು ಮುಖ್ಯ ಸರ್ವರ್‌ನಲ್ಲೇ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಡೇಟಾ ಹೋಗಿತ್ತು.

ಪರವಾಗಿಲ್ಲ, ದಿನಾ ಕ್ಲೌಡ್‌ಗೆ ಬ್ಯಾಕಪ್ ಹೋಗುತ್ತದಲ್ಲ ಅಂತ ನೋಡಿದರೆ, ಅಲ್ಲಿ ಏನೂ ಇಲ್ಲ! ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್ ಹಳೇ ಆವೃತ್ತಿಯದು, ಡೇಟಾಬೇಸ್ ಹೊಸದು. ಎರಡೂ ಹೊಂದದೆ ಬ್ಯಾಕಪ್ ಸುಮ್ನೆ ಕೆಟ್ಟು ನಿಲ್ಲುತ್ತಿತ್ತು. ಕೆಟ್ಟಿದೆ ಅಂತ ತಿಳಿಸುವ ಇಮೇಲ್‌ಗಳೂ ಮಧ್ಯದಲ್ಲೇ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕಾಪಾಡಿದ್ದು, ಬೇರೆ ಯಾವುದೋ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ನಕಲು. ಅದೃಷ್ಟ, ಅಷ್ಟೇ. ಆ ನಕಲಿದ್ದ ಡಿಸ್ಕ್ ನಿಧಾನದ್ದು. ವಾಪಸ್ ತರಲು ಸುಮಾರು 18 ಗಂಟೆ ಹಿಡಿಯಿತು.

ಈ ಗಂಟೆಗಳ ಲೆಕ್ಕವನ್ನು ಮೊದಲೇ ಹಾಕಬೇಕು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್ ಇದ್ದರೂ ಒಂದು ಟೆರಾಬೈಟ್ ಇಳಿಸಿಕೊಳ್ಳಲು ಹತ್ತಿರಹತ್ತಿರ 22 ಗಂಟೆ ಬೇಕು. ಅಷ್ಟು ಹೊತ್ತು ನಿಮ್ಮ ಕೆಲಸ ನಿಂತರೆ ನಡೆಯುತ್ತಾ? ನಡೆಯಲ್ಲ ಅಂದರೆ ಕ್ಲೌಡ್‌ನಲ್ಲೇ ಸರ್ವರ್ ಎಬ್ಬಿಸಿ ಅಲ್ಲಿಂದಲೇ ಕೆಲಸ ಮುಂದುವರಿಸುವ ಏರ್ಪಾಡು ಬೇಕು. ಖರ್ಚು ಜಾಸ್ತಿ ಆಗುತ್ತದೆ. ಹಾಗೇ, ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ದಿನಕ್ಕೊಮ್ಮೆ ಬ್ಯಾಕಪ್ ಅಂದರೆ ಒಂದಿಡೀ ದಿನದ ಕೆಲಸ ಹೋಗಬಹುದು ಅಂತಲೇ ಅರ್ಥ.

ಇನ್ನು ಜಾಗದ ವಿಚಾರ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್ ಅನ್ನುವ ಕಂಪನಿಯ ಡೇಟಾ ಸೆಂಟರ್‌ಗೆ, ಅಂದರೆ ಸರ್ವರ್‌ಗಳನ್ನು ಇಟ್ಟಿರುವ ಕಟ್ಟಡಕ್ಕೆ, ಬೆಂಕಿ ಬಿತ್ತು. ಕೆಲವು ಗಿರಾಕಿಗಳ ಬ್ಯಾಕಪ್ಪೂ ಅದೇ ಜಾಗದಲ್ಲಿತ್ತು. ಅಸಲೂ ಹೋಯಿತು, ನಕಲೂ ಹೋಯಿತು. ಹಾಗಾಗಿ ಒಂದು ಪ್ರತಿ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿರಲಿ.

ಇನ್ನೊಂದು ಮಾತು, ಸಿಂಕ್ ಆಗುವ, ಅಂದರೆ ಇಲ್ಲಿಯ ಬದಲಾವಣೆ ತಾನಾಗಿಯೇ ಕ್ಲೌಡ್‌ನಲ್ಲೂ ಆಗುವ ಫೋಲ್ಡರನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ಕಳ್ಳ ಸಾಫ್ಟ್‌ವೇರ್, ಇಲ್ಲಿ ಫೈಲ್ ಕೆಡಿಸಿದರೆ ಕೆಟ್ಟ ಫೈಲೇ ಮೇಲೆ ಹೋಗಿ ಕೂರುತ್ತದೆ, ಅಲ್ವಾ? ಹಳೇ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಆನ್ ಮಾಡಿ. ಗೊತ್ತುಮಾಡಿದ ದಿನದವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವನ್ನೂ ದೊಡ್ಡ ಕ್ಲೌಡ್ ಕಂಪನಿಗಳು ಕೊಡುತ್ತವೆ.

ಈ ವಾರ ಒಂದು ಫೋಲ್ಡರ್ ಆರಿಸಿ, ಬೇರೆ ಕಂಪ್ಯೂಟರ್‌ನಲ್ಲಿ ವಾಪಸ್ ಇಳಿಸಿ, ಫೈಲ್‌ಗಳನ್ನು ತೆರೆದು ನೋಡಿ. ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಶನ್ ಕೀ (ಗುಪ್ತವಾಗಿಸಿದ ಡೇಟಾವನ್ನು ಮತ್ತೆ ಓದಲು ಬೇಕಾದ ಡಿಜಿಟಲ್ ಕೀಲಿ) ಎಲ್ಲಿವೆ ಅಂತಲೂ ಆಗಲೇ ನೋಡಿಕೊಳ್ಳಿ. ಬಹಳ ಜನರ ಕೀ ಇರುವುದು, ಹಾಳಾದರೆ ಅಂತ ಹೆದರುತ್ತಿರುವ ಅದೇ ಲ್ಯಾಪ್‌ಟಾಪ್‌ನಲ್ಲಿ.

ನಮಸ್ಕಾರ.