ಸಿಡಿಲು ಹಚ್ಚಿದ ಕಾಡ್ಗಿಚ್ಚು: ಬೆಟ್ಟದ ಮೇಲೆ ಗೆರೆ ಎಳೆಯೋದು ಹೇಗೆ?

[ದೃಶ್ಯ: ಬೆಟ್ಟದ ನಕ್ಷೆ. ಬೆಂಕಿಯ ಸುತ್ತ ಸ್ವಲ್ಪ ದೂರ ಕಪ್ಪು ಗೆರೆ, ಉಳಿದದ್ದೆಲ್ಲ ಕೆಂಪು]

‘ಕಾಡ್ಗಿಚ್ಚು ಶೇ. 40ರಷ್ಟು ಹತೋಟಿಗೆ’ ಅಂತ ಸುದ್ದಿ ಬಂದರೆ, ಅಷ್ಟು ಬೆಂಕಿ ಆರಿದೆ ಅಂತಲ್ಲ. ಬೆಂಕಿಯ ಸುತ್ತಳತೆಯಲ್ಲಿ ಅಷ್ಟು ಉದ್ದಕ್ಕೆ, ದಾಟಲಾರದು ಅನ್ನುವಂಥ ಗೆರೆ ಬಿದ್ದಿದೆ ಅಂತ. ಒಳಗೆ ಧಗಧಗ ಉರೀತಾನೇ ಇರಬಹುದು. ಆ ಗೆರೆಯೇ ಬೆಂಕಿರೇಖೆ.

[ದೃಶ್ಯ: ಬೆಟ್ಟದ ಏಣಿನ (ನೆತ್ತಿಯ ಸಾಲಿನ) ಮೇಲೆ ಸಿಡಿಲು ಬಡಿದ ಒಣಮರ, ಕಾಂಡದುದ್ದಕ್ಕೂ ಸುರುಳಿ ಸೀಳು]

ಗುಡುಗು ಜೋರು, ಮಳೆ ಎರಡು ಮಿಲಿಮೀಟರೂ ಇಲ್ಲ. ಇದು ಒಣ ಸಿಡಿಲು. ಹೊತ್ತಿದ ಬೆಂಕಿ ಕೂಡಲೇ ಕಾಣಬೇಕೆಂದೇನಿಲ್ಲ. ಪೊಳ್ಳು ಕಾಂಡದಲ್ಲೋ, ಕೊಳೆತ ತರಗೆಲೆಯ ಪದರದಲ್ಲೋ ದಿನಗಟ್ಟಲೆ ಹೊಗೆಯಾಡಿ, ಬಿಸಿಲು-ಗಾಳಿ ಏರಿದ ದಿನ ಎದ್ದೇಳುತ್ತೆ. ಅಷ್ಟರಲ್ಲಿ ಅದೇ ಮೋಡ ಇನ್ನೂ ನಾಲ್ಕು ಕಡೆ ಹಚ್ಚಿರುತ್ತೆ, ರಸ್ತೆ ಎಲ್ಲಿಗೂ ಇಲ್ಲ.

ಹಾಗಾದರೆ ಗೆರೆ ಎಲ್ಲಿಂದ ಶುರು? ಬೆಂಕಿ ಹಿಂದಿನಿಂದ ಬಳಸಿ ಬರಲಾಗದ ಜಾಗದಿಂದ: ಬರೀ ಬಂಡೆ, ಹಳ್ಳ, ಆಗಲೇ ಸುಟ್ಟ ನೆಲ. ಅಲ್ಲಿಂದ ಬೆಂಕಿಯ ಎರಡೂ ಪಕ್ಕೆ ಹಿಡಿದು, ತಲೆಯ ಕಡೆಗೆ, ಅಂದರೆ ಅದು ಮುನ್ನುಗ್ಗುವ ತುದಿಯ ಕಡೆಗೆ, ಕತ್ತರಿಯಂತೆ ಮುಚ್ಚುತ್ತಾ ಹೋಗೋದು. ನೇರ ತಲೆಗೇ ಎದುರು ನಿಲ್ಲೋದು ಧೈರ್ಯವಲ್ಲ, ತಪ್ಪು ಲೆಕ್ಕ. ಜ್ವಾಲೆಯ ಉದ್ದ ಸುಮಾರು 1.2 ಮೀಟರ್ ದಾಟಿದರೆ ಕೈ ಉಪಕರಣ ಹಿಡಿದವರು ಅದರ ಮುಂದೆ ಕೆಲಸ ಮಾಡೋಕಾಗಲ್ಲ.

[ದೃಶ್ಯ: ಹತ್ತಿರದಿಂದ, ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರುವ ಪುಲಾಸ್ಕಿ]

ಮುಂದಿನವರು ಗರಗಸದಿಂದ ಪೊದೆ, ಕೊಂಬೆ ತೆಗೆದು ದಾರಿ ಮಾಡ್ತಾರೆ. ಹಿಂದಿನವರು ಪುಲಾಸ್ಕಿಯಿಂದ ಬೇರು ಕಡಿದು ಅರ್ಧದಿಂದ ಒಂದು ಮೀಟರ್ ಅಗಲಕ್ಕೆ ಬರೀ ಮಣ್ಣು ಕಾಣೋವರೆಗೂ ಕೆರೆಯುತ್ತಾರೆ. ಒಂದೇ ಒಂದು ಬೇರು ಅಡ್ಡ ಉಳಿದರೂ, ಅದು ನೆಲದೊಳಗೇ ಬತ್ತಿಯಂತೆ ಉರಿದು ಆಚೆ ಕಡೆ ತಲುಪುತ್ತೆ.

ಬಯಲಿನ ಬೆಂಕಿಗೆ ಇಷ್ಟು ಸಾಕು. ಬೆಟ್ಟದಲ್ಲಿ ಕೆಂಡ ಉರುಳುತ್ತೆ. ಉರಿಯುವ ಪೈನ್ ಕಾಯಿ, ದಿಮ್ಮಿ ರೇಖೆಯ ಮೇಲಿಂದ ಜಿಗಿದು ಕೆಳಗಿನ ಹುಲ್ಲಿಗೆ ಬಿದ್ದರೆ, ಬೆಂಕಿ ಈಗ ನಿಮ್ಮ ಕಾಲ ಕೆಳಗಿದೆ. ಅದಕ್ಕೇ ಬೆಂಕಿಯ ಕೆಳಗೆ ಹಾಯುವ ರೇಖೆಯನ್ನು ಬಟ್ಟಲಿನ ಹಾಗೆ ಆಳವಾಗಿ ತೋಡಿ, ಅಗೆದ ಮಣ್ಣನ್ನು ಕೆಳ ಅಂಚಿಗೆ ದಿಬ್ಬ ಕಟ್ಟುತ್ತಾರೆ. ಉರುಳಿದ್ದು ಅಲ್ಲೇ ನಿಲ್ಲಬೇಕು. ಏಣಿನ ಮೇಲಾದರೆ ತುದಿಯಲ್ಲಲ್ಲ, ಬೆಂಕಿಗೆ ಬೆನ್ನಾದ ಆಚೆ ಇಳಿಜಾರಿಗೆ ತುಸು ಸರಿದು ರೇಖೆ. ಜ್ವಾಲೆ ತುದಿ ತಲುಪೋ ಹೊತ್ತಿಗೆ ಆಚೆಯಿಂದ ಬರುವ ಗಾಳಿ ತಡೆಯುತ್ತೆ.

ರೇಖೆಗೂ ಬೆಂಕಿಗೂ ನಡುವೆ ಸುಡದ ಕಾಡು ಉಳಿದಿದ್ದರೆ, ರೇಖೆಯ ಅಂಚಿನಿಂದ ಎದುರು ಬೆಂಕಿ ಕೊಟ್ಟು ಅದನ್ನೂ ಸುಡ್ತಾರೆ. ಹೆಲಿಕಾಪ್ಟರ್ ನೀರು, ವಿಮಾನ ಸುರಿಯುವ, ಬೆಂಕಿ ತಡೆಯುವ ಕೆಂಪು ದ್ರಾವಣ ನೋಡೋಕೆ ಭರ್ಜರಿ. ಅವು ಬೆಂಕಿಯನ್ನು ಮಂದ ಮಾಡುತ್ತವೆ ಅಷ್ಟೇ. ನೆಲದ ಮೇಲೆ ಜನ ಗೆರೆ ಎಳೆಯದಿದ್ದರೆ ಅವು ಗಳಿಸಿಕೊಟ್ಟ ಹೊತ್ತು ವ್ಯರ್ಥ.

[ದೃಶ್ಯ: ಇಳಿಜಾರಿನ ಚಿತ್ರ, ಕೆಳಗೆ ಬೆಂಕಿ, ಮೇಲೆ ಜನ]

ಬೆಂಕಿಗೆ ಏರು ಇಷ್ಟ. ಪ್ರತಿ 10 ಡಿಗ್ರಿ ಏರಿಗೆ ವೇಗ ಸುಮಾರು ಎರಡು ಪಟ್ಟು ಅನ್ನೋದು ಒರಟು ಲೆಕ್ಕ. ಮನುಷ್ಯನ ವೇಗ ಅದೇ ಏರಲ್ಲಿ ಇಳಿಯುತ್ತೆ. 1994ರ ಜುಲೈ 2ರಂದು ಅಮೆರಿಕದ ಕೊಲೊರಾಡೊದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಸಿಡಿಲಿಗೆ ಹೊತ್ತಿದ ಬೆಂಕಿ, ಮೊದಲಿಗೆ ಸಣ್ಣದೇ. ಜುಲೈ 6ರಂದು ಬೆಂಕಿಯ ಪಕ್ಕದಲ್ಲಿ ಇಳಿಮುಖವಾಗಿ ರೇಖೆ ಕಡಿಯುತ್ತಿದ್ದಾಗ ಗಾಳಿ ಜೋರಾಯಿತು, ಬೆಂಕಿ ಕೆಳಗಿನಿಂದ ನುಗ್ಗಿತು. 14 ಮಂದಿ ಸತ್ತರು. ಕಾವಲುಗಾರ, ಸಂಪರ್ಕ, ಓಡುವ ದಾರಿ, ಸುರಕ್ಷಿತ ಜಾಗ, ಈ ನಾಲ್ಕೂ ಖಾತ್ರಿಯಾಗದೆ ಮೊದಲ ಗುದ್ದಲಿ ಏಟು ಹಾಕಬಾರದು ಅನ್ನೋದು ಇದಕ್ಕೇ.

[ದೃಶ್ಯ: ಕೈಗವಸು ಕಳಚಿದ ಕೈ, ಬೂದಿಯ ಮೇಲೆ]

ಜ್ವಾಲೆ ಇಳಿದ ಮೇಲೆ ಬೇಸರದ ಕೆಲಸ. ರೇಖೆಯ ಒಳ ಅಂಚಿನುದ್ದಕ್ಕೂ ಬರಿಗೈಯ ಹಿಂಭಾಗವನ್ನು ಮೊದಲು ಬೂದಿಗೆ ಹತ್ತಿರ ಹಿಡಿದು, ಶಾಖ ಇಲ್ಲ ಅನ್ನಿಸಿದ ಮೇಲಷ್ಟೇ ಮುಟ್ಟಿ ನೋಡ್ತಾರೆ. ಬಿಸಿ ಸಿಕ್ಕರೆ ಅಗೆದು, ಹಸಿ ಮಣ್ಣು ಕಲಸಿ, ಮತ್ತೆ ಮುಟ್ಟುತ್ತಾರೆ. ಸಿಡಿಲು ಬಡಿದ ಆ ಮರವನ್ನು, ನಿಂತೇ ಇದ್ದರೆ, ಉರುಳಿಸಿ ಸೀಳಿ ಒಳಗಿನ ಕೆಂಡ ಹೊರಗೆ ತೆಗೀತಾರೆ. ಮರುದಿನ ಮಧ್ಯಾಹ್ನ, ಬಿಸಿಲು ಅತಿ ಹೆಚ್ಚಿರೋ ಹೊತ್ತಲ್ಲಿ, ಅದೇ ಬುಡದ ಹತ್ತಿರ ಹೊಗೆಯ ಎಳೆ ಏಳುತ್ತಾ ಅಂತ ಮತ್ತೆ ಹೋಗಿ ನೋಡ್ತಾರೆ.