ಹೃದಯ ಬಡಿಯುತ್ತಿರುವಾಗ ಸಾವು ಅಂತ ಹೇಗೆ ಹೇಳುತ್ತಾರೆ?

ಐಸಿಯುನಲ್ಲಿ ಒಬ್ಬರು ಮಲಗಿದ್ದಾರೆ. ಎದೆ ಏರಿಳಿಯುತ್ತಿದೆ. ಕೈ ಮುಟ್ಟಿದರೆ ಬೆಚ್ಚಗಿದೆ. ಮಾನಿಟರ್‌ನಲ್ಲಿ ಹೃದಯದ ಗೆರೆ ಸರಿಯಾಗಿಯೇ ಓಡುತ್ತಿದೆ. ಡಾಕ್ಟರ್ ಬಂದು ಮನೆಯವರಿಗೆ ಹೇಳುತ್ತಾರೆ: "ಅವರು ತೀರಿಕೊಂಡಿದ್ದಾರೆ." ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಅಂಗಾಂಗ ದಾನದ ಮಾತು ತೆಗೆಯುತ್ತಾರೆ.

ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಇದೇ. ಹೃದಯ ಬಡಿಯುತ್ತಿದ್ದರೆ ಸತ್ತದ್ದು ಹೇಗೆ? ಅಂಗ ಬೇಕು ಅಂತ ಅವಸರ ಮಾಡುತ್ತಾರಾ? ಇಂಥ ಪ್ರಶ್ನೆ ಕೇಳಿದವರನ್ನು "ನಿಮಗೆ ವಿಜ್ಞಾನ ಗೊತ್ತಿಲ್ಲ" ಅಂತ ಸುಮ್ಮನಾಗಿಸುವುದು ನನಗೆ ಹಿಡಿಸುವುದಿಲ್ಲ. ಇದು ನ್ಯಾಯವಾದ ಪ್ರಶ್ನೆ. ಡಾಕ್ಟರುಗಳೂ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಬಗ್ಗೆ ಜಗಳ ಆಡುತ್ತಿದ್ದಾರೆ.

ಮೊದಲು ಬೇಗ ಬೇಗ ಹಿನ್ನೆಲೆ. ಹೃದಯಕ್ಕೆ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಆಮ್ಲಜನಕ ಸಿಗುತ್ತಿದ್ದರೆ ತನ್ನಷ್ಟಕ್ಕೆ ಬಡಿಯುತ್ತದೆ. ಉಸಿರಾಟ ಹಾಗಲ್ಲ. ಅದಕ್ಕೆ ಮೆದುಳಿನ ಕಾಂಡದಿಂದ, ಅಂದರೆ ಕುತ್ತಿಗೆಯ ಮೇಲ್ಗಡೆ ಮೆದುಳು ಬೆನ್ನುಹುರಿಗೆ ಸೇರುವ ಭಾಗದಿಂದ, ಪ್ರತಿ ಸಲವೂ ಆದೇಶ ಬರಬೇಕು. ಹಿಂದೆ ಮೆದುಳು ಹೋದರೆ ಉಸಿರು ನಿಲ್ಲುತ್ತಿತ್ತು, ಕೆಲವೇ ನಿಮಿಷದಲ್ಲಿ ಹೃದಯವೂ ನಿಲ್ಲುತ್ತಿತ್ತು. ಮೂರೂ ಒಟ್ಟಿಗೇ ಹೋಗುತ್ತಿದ್ದವು. ಯಾವುದನ್ನು ಸಾವು ಅನ್ನಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಗಂಟಲಿಗೆ ತೂತು ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲ ಹಿಚುಕಿ ಉಸಿರು ತುಂಬಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಹಗಲು ರಾತ್ರಿ ಹಿಚುಕಿದರು. ಆಮೇಲೆ ಆ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಅಲ್ಲಿಂದ ಮುಂದೆ ಮೆದುಳು ಹೋದರೂ ಹೃದಯ ಬಡಿಯುವ ದೇಹಗಳು ಐಸಿಯುಗಳಲ್ಲಿ ಕಾಣತೊಡಗಿದವು. 1959ರಲ್ಲಿ ಮೊಲಾರೆ ಮತ್ತು ಗೂಲೋನ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇದನ್ನು ಕೋಮಾಕ್ಕೂ ಆಚೆಗಿನ ಸ್ಥಿತಿ ಅಂತ ವರದಿ ಮಾಡಿದರು. ಇದನ್ನೇ ಈಗ ಬ್ರೈನ್ ಡೆತ್, ಅಂದರೆ ಮೆದುಳಿನ ಸಾವು ಅನ್ನುತ್ತಾರೆ.

ಆ ಇಸವಿ ನೆನಪಿರಲಿ. ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮೊದಲ ಬಾರಿ ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದ್ದು 1967ರ ಡಿಸೆಂಬರ್‌ನಲ್ಲಿ. ಅಂದರೆ ಈ ಸ್ಥಿತಿಯನ್ನು ಕಂಡದ್ದು ಮೊದಲು, ಹೃದಯ ಕಸಿ ಆಮೇಲೆ. "ಹೃದಯ ಕೀಳಲಿಕ್ಕೆಂದೇ ಬ್ರೈನ್ ಡೆತ್ ಹುಟ್ಟುಹಾಕಿದರು" ಅನ್ನುವ ಮಾತು ಹಾಗಾಗಿ ನಿಜವಾಗುವುದಿಲ್ಲ.

ಆದರೆ ಪೂರ್ತಿ ಸುಳ್ಳೂ ಅಲ್ಲ. 1968ರ ಆಗಸ್ಟ್‌ನಲ್ಲಿ ಹಾರ್ವರ್ಡ್‌ನ ಒಂದು ಸಮಿತಿ, ಮತ್ತೆ ಚೇತರಿಸಿಕೊಳ್ಳದ ಕೋಮಾವನ್ನು ಸಾವು ಅಂತಲೇ ಪರಿಗಣಿಸಬೇಕು ಎಂದಿತು. ಅದಕ್ಕೆ ಎರಡು ಕಾರಣ ಕೊಟ್ಟಿತು. ಒಂದು, ಇಂಥ ಸ್ಥಿತಿ ರೋಗಿಗೂ ಮನೆಯವರಿಗೂ ಆಸ್ಪತ್ರೆಗೂ ದೊಡ್ಡ ಹೊರೆ. ಇನ್ನೊಂದು, ಹಳೆಯ ವ್ಯಾಖ್ಯೆ ಇಟ್ಟುಕೊಂಡರೆ ಕಸಿಗೆ ಅಂಗ ಪಡೆಯುವಾಗ ವಿವಾದ ಆಗಬಹುದು. ಈ ಎರಡನೇ ಕಾರಣ ಅಲ್ಲಿ ಇರಬಾರದಿತ್ತು. ಒಬ್ಬರು ಸತ್ತಿದ್ದಾರೋ ಇಲ್ಲವೋ ಅನ್ನುವುದಕ್ಕೂ ಅವರ ಹೃದಯ ಇನ್ನೊಬ್ಬರಿಗೆ ಬೇಕೋ ಬೇಡವೋ ಅನ್ನುವುದಕ್ಕೂ ಏನು ಸಂಬಂಧ? ಜನರ ಅನುಮಾನಕ್ಕೆ ಬೀಜ ಬಿತ್ತಿದ್ದು ಇದೇ ಅಂತ ನನ್ನ ಅಭಿಪ್ರಾಯ.

ಸರಿ, ಈಗ ಈ ವಿಡಿಯೋ ಮಾಡಲು ನನ್ನನ್ನು ಎಳೆದ ವಿಷಯಕ್ಕೆ ಬರೋಣ: ರೋಗಿ ತಾನಾಗಿ ಉಸಿರಾಡುತ್ತಾರಾ ಅಂತ ನೋಡುವ ಪರೀಕ್ಷೆ. ಅಪ್ನಿಯಾ ಟೆಸ್ಟ್.

ಒಂದು ಕೆಲಸ ಮಾಡಿ. ಆರೋಗ್ಯ ಸರಿಯಿದ್ದರೆ, ಕೂತಲ್ಲೇ ಉಸಿರು ಬಿಗಿ ಹಿಡಿಯಿರಿ.

[ಪರದೆಯ ಮೇಲೆ ಸೆಕೆಂಡುಗಳು ಓಡುತ್ತವೆ]

ಹಿಡಿದುಕೊಂಡೇ ಕೇಳಿ. ಮೊದಲು ಏನೂ ಅನ್ನಿಸುವುದಿಲ್ಲ. ಆಮೇಲೆ ಎದೆಯೊಳಗೆ ಸಣ್ಣ ಚಡಪಡಿಕೆ. ಆಮೇಲೆ ಹೊಟ್ಟೆ ತಾನಾಗಿ ಎಳೆದುಕೊಳ್ಳತೊಡಗುತ್ತದೆ. ಕೊನೆಗೆ ನಿಮ್ಮ ಹಟ ಸೋಲುತ್ತದೆ. ಬಿಡಿ ಈಗ.

ಆ ಚಡಪಡಿಕೆ ಯಾಕೆ ಬಂತು? ಆಮ್ಲಜನಕ ಖಾಲಿಯಾಯಿತು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಮುಖ್ಯ ಕಾರಣ ಅದಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತು, ಅದು ಮೆದುಳಿನ ಕಾಂಡಕ್ಕೆ ತಟ್ಟಿತು. ಕೆಲವು ಈಜುಗಾರರು ನೀರಿನೊಳಗೆ ಜಾಸ್ತಿ ಹೊತ್ತು ಇರಲು, ಮುಳುಗುವ ಮುಂಚೆ ಬೇಗ ಬೇಗ ಜೋರಾಗಿ ಉಸಿರಾಡುತ್ತಾರೆ. ಅದರಿಂದ ರಕ್ತದ ಆಮ್ಲಜನಕ ಅಷ್ಟೇನೂ ಏರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಹಾಗಾಗಿ ಚಡಪಡಿಕೆ ಬರುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಕಾರ್ಬನ್ ಡೈಆಕ್ಸೈಡ್ ಕೊಡುವ ಕರೆ ಎಷ್ಟು ಮುಖ್ಯ ಅಂತ ತೋರಿಸಲು ಹೇಳಿದೆ.

ಈಗ ಐಸಿಯುಗೆ ವಾಪಸ್. ಈ ಟೆಸ್ಟ್ ಮಾಡುವ ಮುಂಚೆ ಮೆದುಳಿಗೆ ಏನಾಗಿದೆ ಅಂತ ಖಚಿತವಾಗಿ ಗೊತ್ತಿರಬೇಕು. ಮಂಪರು ಬರಿಸುವ ಔಷಧಿಯ ಪ್ರಭಾವ ಇರಬಾರದು. ಮೈ ತಣ್ಣಗಾಗಿರಬಾರದು, ರಕ್ತದೊತ್ತಡ ಸರಿಯಿರಬೇಕು. ಕಣ್ಣಿಗೆ ಬೆಳಕು ಬಿಟ್ಟು, ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿ, ಕಿವಿಗೆ ತಣ್ಣೀರು ಬಿಟ್ಟು, ಗಂಟಲಿಗೆ ಕೊಳವೆ ತಾಗಿಸಿ ನೋಡಿ ಆಗಿರಬೇಕು. ಇವು ಯಾವುದಕ್ಕೂ ಪ್ರತಿಕ್ರಿಯೆ ಬರಲಿಲ್ಲ ಅಂದಾಗ ಮಾತ್ರ ಕೊನೆಯದಾಗಿ ಅಪ್ನಿಯಾ ಟೆಸ್ಟ್.

ರೋಗಿಗೆ ಮೊದಲು ಶುದ್ಧ ಆಮ್ಲಜನಕ ಕೊಡುತ್ತಾರೆ. ಆಮೇಲೆ ವೆಂಟಿಲೇಟರ್ ಬಿಚ್ಚುತ್ತಾರೆ. ಹಾಗಂತ ಉಸಿರು ಕಟ್ಟಿಸುವುದಲ್ಲ. ಶ್ವಾಸನಾಳದೊಳಗೆ ಒಂದು ತೆಳು ಕೊಳವೆಯಲ್ಲಿ ಆಮ್ಲಜನಕ ಹರಿಯುತ್ತಲೇ ಇರುತ್ತದೆ. ಆಮ್ಲಜನಕಕ್ಕೆ ಕೊರತೆಯಾಗದಂತೆ ನೋಡಿಕೊಂಡು, ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಏರಲು ಬಿಡುತ್ತಾರೆ. ಹೊದಿಕೆ ಸರಿಸಿ, ಎದೆ ಮತ್ತು ಹೊಟ್ಟೆ ಪೂರ್ತಿ ಕಾಣುವಂತೆ ಮಾಡಿ, ಕಣ್ಣು ಕೀಳದೆ ನೋಡುತ್ತಾ ನಿಲ್ಲುತ್ತಾರೆ. ಸುಮಾರು 8ರಿಂದ 10 ನಿಮಿಷ. ಆರೋಗ್ಯವಂತರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 35ರಿಂದ 45 ಮಿ.ಮೀ. ಇರುತ್ತದೆ. ಇಲ್ಲಿ ಅದನ್ನು 60 ಮುಟ್ಟುವವರೆಗೆ ಬಿಟ್ಟು, ರಕ್ತ ತೆಗೆದು ಖಾತ್ರಿ ಮಾಡಿಕೊಳ್ಳುತ್ತಾರೆ. ನಡುವೆ ಒಂದೇ ಒಂದು ಸಲ ಉಸಿರು ಎಳೆದರೂ ಟೆಸ್ಟ್ ಅಲ್ಲಿಗೆ ನಿಂತಿತು. ವೆಂಟಿಲೇಟರ್ ಮತ್ತೆ ಹಾಕುತ್ತಾರೆ. ಅವರು ಸತ್ತಿಲ್ಲ.

ಇದು ನನ್ನನ್ನು ಯಾಕೆ ಇಷ್ಟು ಹಿಡಿಯಿತು ಗೊತ್ತಾ? ನಿಮ್ಮ ಹಟವನ್ನು ಈಗಷ್ಟೇ ಸೋಲಿಸಿತಲ್ಲ, ಅದೇ ಕರೆಯನ್ನು ಅದಕ್ಕಿಂತ ಎಷ್ಟೋ ಜೋರಾಗಿ ಆ ದೇಹಕ್ಕೆ ಕೊಡುತ್ತಾರೆ. ಉತ್ತರ ಬರಲಿ ಅಂತ ಕಾಯುತ್ತಾರೆ. ಪರದೆಯ ಮೇಲಿನ ಯಾವುದೋ ಗೆರೆ ನೋಡಿ ಮುಗಿಸಿಬಿಡುವ ಕೆಲಸ ಇದಲ್ಲ.

ಇಲ್ಲೊಂದು ಎಚ್ಚರಿಕೆ. ಬ್ರೈನ್ ಡೆತ್ ಆದವರ ಕೈ ಕೆಲವೊಮ್ಮೆ ತಾನಾಗಿ ಮೇಲೆದ್ದು ಎದೆಯ ಮೇಲೆ ಬರುವುದುಂಟು. ಕೆಲಸ ಮಾಡುತ್ತಿರುವ ಬೆನ್ನುಹುರಿಯಿಂದ ಆಗುವುದು ಅದು. ಅದನ್ನು ನೋಡಿದ ಮನೆಯವರ ಎದೆ ಒಡೆದುಹೋಗುತ್ತದೆ. ಮುಂಚೆಯೇ ಹೇಳಿಡುವುದು ಡಾಕ್ಟರುಗಳ ಕರ್ತವ್ಯ.

ಹಾಗಾದರೆ ಎಲ್ಲ ಇತ್ಯರ್ಥ ಆಯಿತಾ? ಇಲ್ಲ. ಅಮೆರಿಕದಲ್ಲಿ 1981ರ ಮಾದರಿ ಕಾನೂನು ಮೆದುಳಿನ ಎಲ್ಲ ಕೆಲಸವೂ ನಿಂತಿರಬೇಕು ಅನ್ನುತ್ತದೆ. ಆದರೆ ಬ್ರೈನ್ ಡೆತ್ ಅಂತ ಘೋಷಿಸಿದ ಕೆಲವರಲ್ಲಿ ಮೆದುಳಿನ ಒಂದು ಸಣ್ಣ ಭಾಗ ದೇಹದ ನೀರಿನ ಸಮತೋಲ ಕಾಯುವ ಹಾರ್ಮೋನನ್ನು ಬಿಡುತ್ತಲೇ ಇರುತ್ತದೆ. ಬ್ರೈನ್ ಡೆತ್ ಆದ ಗರ್ಭಿಣಿಯರ ದೇಹವನ್ನು ವಾರಗಟ್ಟಲೆ ಯಂತ್ರದ ಮೇಲೆ ಕಾಪಾಡಿ, ಮಗುವನ್ನು ಜೀವಂತ ಹೊರತೆಗೆದದ್ದೂ ಇದೆ. ಬ್ರಿಟನ್ನಿನವರು ಇಡೀ ಮೆದುಳು ಬೇಡ, ಮೆದುಳಿನ ಕಾಂಡ ಹೋದರೆ ಸಾಕು ಅನ್ನುತ್ತಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಧರ್ಮದ ಕಾರಣಕ್ಕೆ ಒಪ್ಪದವರನ್ನು ಹೃದಯ ನಿಲ್ಲುವವರೆಗೆ ಸತ್ತವರೆಂದು ಘೋಷಿಸುವಂತಿಲ್ಲ. ಅದೇ ರೋಗಿ ಪಕ್ಕದ ರಾಜ್ಯದಲ್ಲಿದ್ದರೆ ಕಾನೂನಿನ ಪ್ರಕಾರ ಸತ್ತಂತೆ.

ನನಗೆ ಅನ್ನಿಸುವುದು ಇಷ್ಟು: ಪ್ರಜ್ಞೆ ಮತ್ತು ಉಸಿರಾಟ ಎರಡೂ ಮತ್ತೆಂದೂ ಬರದಂತೆ ಹೋದರೆ ಆ ಮನುಷ್ಯ ಹೋದಂತೆಯೇ. ಆದರೆ ಆ ಗೆರೆ ಎಳೆದವರು ನಾವು. ದೇಹದೊಳಗೆ ಮೊದಲೇ ಎಳೆದಿಟ್ಟಿರಲಿಲ್ಲ. ಇದನ್ನು ಮುಚ್ಚಿಟ್ಟು "ವಿಜ್ಞಾನ ಹೇಳಿದೆ, ಮುಗಿಯಿತು" ಅನ್ನುವುದು ತಪ್ಪು. ಮುಚ್ಚಿಟ್ಟದ್ದು ಹೊರಬಿದ್ದ ದಿನ ನಂಬಿಕೆ ಹೋಗುತ್ತದೆ.

ನಂಬಿಕೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನ್ ನೋಡಿ. 1968ರಲ್ಲಿ ಸಪ್ಪೊರೊದಲ್ಲಿ ಅಲ್ಲಿನ ಮೊದಲ ಹೃದಯ ಕಸಿ ನಡೆಯಿತು. ದಾನಿ ನಿಜವಾಗಿ ಸತ್ತಿದ್ದರಾ ಅನ್ನುವ ಪ್ರಶ್ನೆ ಎದ್ದು, ಶಸ್ತ್ರವೈದ್ಯರ ಮೇಲೆ ಕೊಲೆ ಆರೋಪದ ತನಿಖೆಯೂ ನಡೆಯಿತು. ಮೊಕದ್ದಮೆ ಆಗಲಿಲ್ಲ, ಅನುಮಾನ ಉಳಿಯಿತು. ಬ್ರೈನ್ ಡೆತ್ ಆದವರಿಂದ ಅಂಗ ಪಡೆಯಲು ಅಲ್ಲಿ ಕಾನೂನು ಬಂದದ್ದು 1997ರಲ್ಲಿ. ಆ ನಡುವೆ ಹೃದಯ ಸಿಗದೆ ಸತ್ತವರನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. ಸಾವು ಘೋಷಿಸುವವರು ಬೇರೆ, ಕಸಿ ಮಾಡುವವರು ಬೇರೆ ಇರಬೇಕು ಅನ್ನುವ ನಿಯಮವನ್ನು ಅದಕ್ಕೇ ನಾನು ಕಾಗದದ ಶಾಸ್ತ್ರ ಅಂತ ನೋಡುವುದಿಲ್ಲ.

ಸಮಯ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಹೃದಯ ನಿಂತ ಮೇಲೆ ಅಂಗ ಪಡೆಯುವ ದಾರಿಯೂ ಇದೆ. ಹೃದಯ ನಿಂತು ಎಷ್ಟು ಹೊತ್ತು ಕಾಯಬೇಕು? ಹಲವು ಕಡೆ 5 ನಿಮಿಷ, ಇಟಲಿಯಲ್ಲಿ 20. ಚಿಕಿತ್ಸೆ ನಿಲ್ಲಿಸಿದ 631 ರೋಗಿಗಳನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಂತ ಹೃದಯ ತಾನಾಗಿ ಮತ್ತೆ ಅಲುಗಿದ್ದು ಹೆಚ್ಚೆಂದರೆ 4 ನಿಮಿಷ 20 ಸೆಕೆಂಡ್ ಆದ ಮೇಲೆ. ಯಾರಿಗೂ ಪ್ರಜ್ಞೆ ಮರಳಲಿಲ್ಲ. 5 ನಿಮಿಷಕ್ಕೆ ಆಧಾರ ಇದೆ, ಆದರೆ ಅಂಚು ತೆಳು. ಇದಕ್ಕಿಂತ ಇಕ್ಕಟ್ಟಿನದು ಇನ್ನೊಂದು ವಿಧಾನ: ಸಾವು ಘೋಷಿಸಿದ ಮೇಲೆ, ಮೆದುಳಿಗೆ ಹೋಗುವ ರಕ್ತನಾಳ ಮುಚ್ಚಿ, ಉಳಿದ ದೇಹದಲ್ಲಿ ಯಂತ್ರದಿಂದ ರಕ್ತ ಓಡಿಸುವುದು. ಹೃದಯವೂ ಮತ್ತೆ ಬಡಿಯಬಹುದು. ರಕ್ತ ನಿಂತದ್ದರಿಂದ ಸಾವು ಅಂತ ಹೇಳಿ, ರಕ್ತ ಮತ್ತೆ ಓಡಿಸಿದರೆ ಆ ಸಾವಿನ ಅರ್ಥ ಏನು? ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಇದನ್ನು ಸದ್ಯಕ್ಕೆ ನಿಲ್ಲಿಸಿ ಅಂತ 2021ರಲ್ಲಿ ಕೇಳಿತು. ನಾನೂ ಅದೇ ಪಕ್ಷ.

ಇಷ್ಟಾದರೂ ಅಂಗಾಂಗ ದಾನಕ್ಕೆ ನಾನು ಹೂಂ ಅನ್ನುತ್ತೇನೆ, ಮನೆಯಲ್ಲೂ ಹೇಳಿಟ್ಟಿದ್ದೇನೆ. ನಿಮ್ಮದು ಬೇಡ ಅಂತ ಇದ್ದರೆ ಅದನ್ನೂ ಈಗಲೇ ಹೇಳಿಡಿ. ಆ ದಿನ ಐಸಿಯು ಬಾಗಿಲಲ್ಲಿ ನಿಂತವರಿಗೆ ಊಹೆ ಮಾಡುವ ಕಷ್ಟ ಬೇಡ. ನೀವೇ ಆ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದರೆ, ಅಪ್ನಿಯಾ ಟೆಸ್ಟ್ ಆಯಿತಾ, ಯಾರು ಮಾಡಿದರು, ನಾವು ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಕೇಳಿ. ಕೆಲವು ಆಸ್ಪತ್ರೆಗಳಲ್ಲಿ ಬಿಡುತ್ತಾರೆ.